ಬೈಕಿನ ಚೈನಿಗೆ ಶನಿವಾರದ ಎಣ್ಣೆಸ್ನಾನ

ಮೊದಲಿಗೇ ಒಂದು ವಿಷಯ ಸ್ಪಷ್ಟಪಡಿಸಿಬಿಡುತ್ತೇನೆ. ನಾನು ದಡ್ಡಿಯಲ್ಲ. ಪರೇಲ್‌ನ ಒಂದು ದೊಡ್ಡ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಯಾವ ಕಾಗದ ಮೊದಲು, ಯಾವುದು ಆಮೇಲೆ ಎಂದು ನೋಡಿ ಜೋಡಿಸಿ ದಾರ ಕಟ್ಟುವುದೇ ನನ್ನ ಉದ್ಯೋಗ. ನನ್ನ ಕೈ ದಾಟಿದ ಫೈಲಿನಲ್ಲಿ ರೋಗಿಯೊಬ್ಬ ಡಿಸ್‌ಚಾರ್ಜ್ ಆದ ಮೇಲೆ ಅಡ್ಮಿಟ್ ಆದದ್ದು ಈವರೆಗೆ ಒಮ್ಮೆಯೂ ಇಲ್ಲ. ಇಂಥ ನಾನು ಒಂದು ಬೈಕಿನ ಚೈನಿಗೆ ಎಣ್ಣೆ ಹಾಕಲಾರೆನೇ? ಹಾಕಬಲ್ಲೆ. ಹಾಕಿದೆ. ಏಳು ತಿಂಗಳು ಬಿಡದೆ ಹಾಕಿದೆ! ತೊಂದರೆಯಾದದ್ದೇ ಅಲ್ಲಿ.

ಬೈಕು ನನ್ನ ಗಂಡನದು. ಇವರ ಹೆಸರು ಸುಧಾಕರ. ಉಡುಪಿ ಕಡೆಯಿಂದ ಬಂದು ಮೊದಲು ಬೊರಿವಲಿಯ ಒಂದು ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಂತವರು, ಈಗ ಸರಕು ಹಡಗಿನಲ್ಲಿ ಅಡುಗೆಯವರು. ವರ್ಷದಲ್ಲಿ ಏಳೆಂಟು ತಿಂಗಳು ನೀರಿನ ಮೇಲೆ, ಉಳಿದದ್ದು ಭಾಂಡುಪ್‌ನಲ್ಲಿ ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯ ಮೇಲೆ. ಬೈಕಿಗೆ ಹದಿನೆಂಟು ವರ್ಷ, ನಮ್ಮ ಮಗಳು ನಿಧಿಗಿಂತ ಒಂದು ವರ್ಷ ದೊಡ್ಡದು. ಚೈನಿನ ಮೇಲಿನ ಮುಚ್ಚಳವನ್ನು ಇವರು ಎಂದೋ ಕಳಚಿ ಎಸೆದಿದ್ದಾರೆ. ಚೈನು ಕಾಣುತ್ತಿರಬೇಕಂತೆ, ಕಂಡರೆ ನೆನಪಾಗುತ್ತದಂತೆ.

ಇವರು ಮಾತಿನ ಮನುಷ್ಯರಲ್ಲ. ಹಡಗಿನಿಂದ ಭಾನುವಾರ ಫೋನು ಬಂದರೆ ಸಂಭಾಷಣೆ ಹೀಗಿರುತ್ತದೆ: "ಊಟ ಆಯ್ತಾ?" "ಆಯ್ತು." "ನಿಧಿ ಓದ್ತಾಳಾ?" "ಓದ್ತಾಳೆ." "ಸರಿ ಮಾರಾಯ್ತಿ, ಇಡ್ತೇನೆ." ಮನೆಗೆ ಬಂದ ಮೇಲೂ ಅಷ್ಟೇ. ಎದುರು ಕುಳಿತು ಊಟ ಮಾಡುವಾಗ ಬಾಯಿ ತೆರೆಯುವುದು ತುತ್ತಿಗೆ ಮಾತ್ರ.

ಆದರೆ ವರ್ಷಕ್ಕೊಂದು ದಿನ ಇದೆ. ಇವರು ಊರು ಸೇರಿದ ಮೊದಲ ಭಾನುವಾರ, ಬೆಳಿಗ್ಗೆ ರಸ್ತೆ ಖಾಲಿಯಿರುವಾಗ, ನಾವಿಬ್ಬರೂ ಬೈಕು ಹತ್ತಿ ಭಾಂಡುಪ್‌ನಿಂದ ಬೊರಿವಲಿಗೆ ಹೋಗುತ್ತೇವೆ. ಇವರ ಹಳೆಯ ಹೋಟೆಲಿರುವ ಬೀದಿಯಲ್ಲಿ ಕಾಫಿ ಕುಡಿದು ವಾಪಸು ಬರುತ್ತೇವೆ. ಆ ದಾರಿಯಲ್ಲಿ ಇವರು ಮಾತಾಡುತ್ತಾರೆ! ಮುಖ ನೋಡಿಕೊಂಡು ಹೇಳಲು ಬಾರದವರು, ಬೆನ್ನು ನನ್ನ ಕಡೆಗಿದ್ದರೆ ಎಲ್ಲ ಹೇಳುತ್ತಾರೆ. ಯಾರಿಗೂ ಹೇಳದೆ ತನ್ನ ಹುಟ್ಟುಹಬ್ಬಕ್ಕೆ ತಾನೇ ಪಾಯಸ ಮಾಡಿ ಇಪ್ಪತ್ತೆರಡು ಜನರಿಗೆ ಬಡಿಸಿದ್ದನ್ನು ಹೇಳಿದ್ದು ಪವಾಯಿ ಕೆರೆಯ ಹತ್ತಿರ. ನನಗೆ ಟೈಫಾಯಿಡ್ ಎಂದು ಕೇಳಿದ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿ ಬೈಸಿಕೊಂಡದ್ದನ್ನು ಹೇಳಿದ್ದು ಜೋಗೇಶ್ವರಿಯ ಸಿಗ್ನಲ್‌ನಲ್ಲಿ. ಹಿಂದೆ ಕುಳಿತ ನಾನು "ಹೂಂ" ಎನ್ನುತ್ತಾ, ಕಣ್ಣಿಗೆ ಬಂದ ನೀರು ಗಾಳಿಯದೇ ಎಂದುಕೊಳ್ಳುತ್ತಾ ಹೋಗುತ್ತೇನೆ. ಒಂದು ವರ್ಷ ಬೈಕು ಕೆಟ್ಟಿತ್ತೆಂದು ರಿಕ್ಷಾದಲ್ಲಿ ಹೋದೆವು. ಪಕ್ಕಪಕ್ಕ ಕುಳಿತು ಇಬ್ಬರೂ ಮೀಟರ್ ನೋಡಿಕೊಂಡು ಹೋಗಿ ಬಂದೆವು. ಆ ವರ್ಷ ಇವರ ಹಡಗಿನಲ್ಲಿ ಏನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಹಾಗಾಗಿ ಏಳೆಂಟು ತಿಂಗಳು ನಾನು ಕಾಯುವುದು ಆ ಒಂದು ಸವಾರಿಗೆ. ಬೈಕು ಓಡದಿದ್ದರೆ ಸವಾರಿಯಿಲ್ಲ, ಸವಾರಿಯಿಲ್ಲದಿದ್ದರೆ ಮಾತಿಲ್ಲ.

ಹೋದ ವರ್ಷ ಯುಗಾದಿ ಮುಗಿಸಿ ಹೊರಡುವಾಗ ಇವರು ಬ್ಯಾಗು ಹೆಗಲಿಗೇರಿಸಿಕೊಂಡು ಹೇಳಿದರು, "ಮಳೆಗಾಲದಲ್ಲಿ ಚೈನ್ ಹಾಳಾಗ್ತದೆ. ಇಮಾಮ್‌ಸಾಬ್ರ ಗ್ಯಾರೇಜಿಗೆ ಕೊಟ್ಟುಬಿಡು. ತಿಂಗಳಿಗೊಮ್ಮೆ ಅವರೇ ಎಣ್ಣೆ ಹಾಕಿ ನೋಡಿಕೊಳ್ತಾರೆ."

ಇಮಾಮ್‌ಸಾಬರು ವಿಜಯಪುರ ಕಡೆಯವರು. ಭಾಂಡುಪ್ ಸ್ಟೇಷನ್ ಹತ್ತಿರ ಅವರ ಗ್ಯಾರೇಜು. ಬೈಕನ್ನು ಅದರ ಮಾಲೀಕರಿಗಿಂತ ಚೆನ್ನಾಗಿ ಬಲ್ಲವರು. ಕೊಡಬಹುದಿತ್ತು. ಆದರೆ ನನ್ನ ಮನಸ್ಸಿನಲ್ಲಿ ಒಂದು ಲೆಕ್ಕಾಚಾರ ಓಡಿತು. ಬೈಕು ಗ್ಯಾರೇಜಿಗೆ ಹೋದರೆ ಭಾನುವಾರದ ಫೋನಿನಲ್ಲಿ ಊಟ ಮತ್ತು ನಿಧಿ ಬಿಟ್ಟರೆ ಇನ್ನೇನು ಉಳಿಯಿತು? ಚೈನು ನನ್ನ ಕೈಯಲ್ಲಿದ್ದರೆ ಕೇಳಲಿಕ್ಕೆ ಇನ್ನೊಂದು ಪ್ರಶ್ನೆಯಾದರೂ ಇರುತ್ತದೆ. ಒಂದು ಪ್ರಶ್ನೆ ಎಂದರೆ ಅರ್ಧ ನಿಮಿಷ. ಅರ್ಧ ನಿಮಿಷವೇನು ಕಡಿಮೆಯೇ!

"ಎಂತಕ್ಕೆ ಗ್ಯಾರೇಜು? ನಾನೇ ಹಾಕ್ತೇನೆ. ಅದೇನು ಬ್ರಹ್ಮವಿದ್ಯೆಯಾ?" ಎಂದೆ.

"ಎಣ್ಣೆ ಹಾಕುವುದು ಮಾತ್ರ ಅಲ್ಲ, ಕ್ಲೀನೂ ಮಾಡಬೇಕು."

"ಮಾಡ್ತೇನೆ."

ಇವರು ನನ್ನನ್ನು ಒಂದು ಸಲ, ಬೈಕನ್ನು ಒಂದು ಸಲ ನೋಡಿದರು. ಟ್ಯಾಕ್ಸಿ ಹತ್ತುವಾಗ ಬೈಕಿನ ಸೀಟು ತಟ್ಟಿ ಹೋದರು. ನನಗೆ ತಟ್ಟಲಿಲ್ಲ. ಬಿಲ್ಡಿಂಗಿನ ಜನ ನೋಡುತ್ತಿದ್ದರಲ್ಲ.

ಮೊದಲ ಹಂತ, ಎಣ್ಣೆಯ ಆಯ್ಕೆ. ಸ್ಪೇರ್‌ಪಾರ್ಟ್ಸ್ ಅಂಗಡಿಯವನು, "ಭಾಭಿ, ಚೈನ್ ಕೆ ಲಿಯೇ ಕ್ಯಾ ದೂಂ?" ಎಂದು ಮೂರು ಸರಕು ಮುಂದಿಟ್ಟ. ಒಂದು ಸ್ಪ್ರೇ ಡಬ್ಬಿ, ಒಂದು ಗ್ರೀಸು, ಒಂದು ಬಾಟಲಿ ಗೇರ್ ಆಯಿಲ್. ವರಪರೀಕ್ಷೆಗೆ ಬಂದ ಸೋದರತ್ತೆಯ ಗಾಂಭೀರ್ಯದಿಂದ ಒಂದೊಂದನ್ನೇ ಎತ್ತಿ ಮೂಸಿದೆ. ಸ್ಪ್ರೇ ನನಗೆ ಮೊದಲೇ ಹಿಡಿಸಲಿಲ್ಲ. ಸ್ನಾನ ಮಾಡದವರು ಸೆಂಟು ಹೊಡೆದುಕೊಳ್ಳುವ ಬಗೆಯದು. ಗ್ರೀಸಿಗೆ ಧೂಳು ಅಂಟುತ್ತದೆ ಎಂದು ಅಂಗಡಿಯವನೇ ಹೇಳಿದ. ಗೇರ್ ಆಯಿಲ್ ಮಾತ್ರ ಬಂಗಾರದ ಬಣ್ಣಕ್ಕೆ, ಜೇನಿನಷ್ಟು ಮಂದವಾಗಿತ್ತು. ಮೂಸಿದೆ. ಮೂಗು ಹಿಡಿದುಕೊಂಡೆ. ಸರಿ, ಇದೇ ಇರಬೇಕು ಎಂದುಕೊಂಡೆ. ನಮ್ಮ ಕಡೆ ಮದ್ದಿನ ವಾಸನೆ ಎಷ್ಟು ಕೆಟ್ಟದೋ ಗುಣ ಅಷ್ಟು ಒಳ್ಳೆಯದು.

ದೊಡ್ಡ ಬಾಟಲಿಯನ್ನೇ ತೆಗೆದುಕೊಂಡೆ. ಅಂಗಡಿಯವನು, "ಭಾಭಿ, ಲಗಾನೇ ಸೆ ಪೆಹಲೇ..." ಎಂದು, ಹಚ್ಚುವುದಕ್ಕೆ ಮೊದಲು ಮಾಡಬೇಕಾದ ಏನನ್ನೋ ಹೇಳಹೊರಟ. ಎಣ್ಣೆ ಹಚ್ಚುವುದನ್ನು ಉಡುಪಿ ಕಡೆಯ ಹೆಂಗಸಿಗೆ ಇವನು ಕಲಿಸುವುದೇ?

"ಸಬ್ ಮಾಲೂಮ್ ಹೈ!" ಎಂದು ಬಾಟಲಿ ಎತ್ತಿಕೊಂಡು ಬಂದುಬಿಟ್ಟೆ.

ಎರಡನೇ ಹಂತ, ಮುಹೂರ್ತ. ನಮ್ಮಲ್ಲಿ ಎಣ್ಣೆಸ್ನಾನ ಹೆಂಗಸರಿಗೆ ಶುಕ್ರವಾರ, ಗಂಡಸರಿಗೆ ಶನಿವಾರ. ಬೈಕು ಹೆಣ್ಣೋ ಗಂಡೋ? ಇವರು ಮನೆಯಲ್ಲಿರುವ ದಿನಗಳಲ್ಲಿ ನನಗಿಂತ ಹೆಚ್ಚು ಹೊತ್ತು ಅದರ ಜೊತೆ ಕಳೆಯುತ್ತಾರೆ. ಅದು ಹೆಣ್ಣೆಂದು ಒಪ್ಪಲು ನಾನು ತಯಾರಿರಲಿಲ್ಲ. ಶನಿವಾರವೆಂದು ನಿಶ್ಚಯವಾಯಿತು.

ಮೂರನೇ ಹಂತ, ವಿಧಿವಿಧಾನ. "ಮಮ್ಮಾ, ಒಂದು ವಿಡಿಯೋ ದೇಖ್ ಲೋ ನಾ. ಟೂ ಮಿನಿಟ್ಸ್ ಮಾತ್ರ ಉಂಟು," ಎಂದಳು ನಿಧಿ.

"ನನ್ನಜ್ಜಿ ವಿಡಿಯೋ ನೋಡಿಯಾ ನನಗೆ ಎಣ್ಣೆ ಹಚ್ಚಿದ್ದು?" ಎಂದೆ.

ಅಜ್ಜಿಯ ಶಾಸ್ತ್ರ ನನಗೆ ಬಾಯಿಪಾಠ. ಮೊದಲು ಎಣ್ಣೆಯನ್ನು ಉಗುರು ಬೆಚ್ಚಗೆ ಮಾಡಬೇಕು. ನೆತ್ತಿಗೆ ತಟ್ಟಿ, ಮೈಗೆಲ್ಲ ಹಚ್ಚಿ, ಚೆನ್ನಾಗಿ ತಿಕ್ಕಬೇಕು. ಅರ್ಧ ಗಂಟೆ ನೆನೆಯಲು ಬಿಡಬೇಕು. ಆಮೇಲೆ ಹಂಡೆಯ ಬಿಸಿನೀರು, ಸೀಗೆಪುಡಿ. ಒಂದಿಷ್ಟೂ ಜಿಡ್ಡು ಉಳಿಯದ ಹಾಗೆ ತೊಳೆಯಬೇಕು. ಕಿವಿಯ ಹಿಂದೆ ಜಿಡ್ಡು ಸಿಕ್ಕಿದರೆ ಅಜ್ಜಿ ಪುನಃ ಬಚ್ಚಲಿಗೆ ಎಳೆದೊಯ್ಯುತ್ತಿದ್ದಳು. ಎಣ್ಣೆಯನ್ನೂ ಹಾಕಬೇಕು, ಕ್ಲೀನೂ ಮಾಡಬೇಕು ಎಂದು ಇವರು ಹೇಳಿದ್ದರಲ್ಲ, ಎರಡೂ ಆಯಿತು!

ಶನಿವಾರ ಮಧ್ಯಾಹ್ನ ಗೇರ್ ಆಯಿಲನ್ನು ಹಳೆಯ ಗಿಂಡಿಗೆ ಸುರಿದು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿದೆ. ಆ ವಾಸನೆಗೆ ಎದುರುಮನೆಯ ಮರಾಠಿ ಕಾಕು ಬಾಗಿಲು ತೆರೆದು, "ಕಾಯ್ ಗ, ಕಾಯ್ ಜಳತಯ್?" ಎಂದು ಏನು ಸುಡುತ್ತಿದೆಯೆಂದು ಕೇಳಿ, ಉತ್ತರಕ್ಕೂ ಕಾಯದೆ ತಮ್ಮ ಗ್ಯಾಸ್ ಆರಿಸಿ ಬಂದರು. ಕೆಳಗೆ ವಾಚ್‌ಮನ್ ದುಬೆ ಬೈಕನ್ನು ದೊಡ್ಡ ಸ್ಟ್ಯಾಂಡಿಗೆ ಏರಿಸಿಕೊಟ್ಟ. ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತಾ, ಇವರ ಹಳೆಯ ಬನಿಯನ್ನಿನ ತುಂಡಿನಿಂದ ಕೊಂಡಿ ಕೊಂಡಿಗೂ ಎಣ್ಣೆ ಹಚ್ಚಿದೆ, ತಿಕ್ಕಿದೆ. ಅರ್ಧ ಗಂಟೆ ಪಕ್ಕದಲ್ಲೇ ಸ್ಟೂಲು ಹಾಕಿ ಕುಳಿತೆ. ಆಮೇಲೆ ಎರಡನೇ ಮಹಡಿಯಿಂದ ಬಕೆಟ್ ಬಿಸಿನೀರು ಇಳಿಸಿ, ಸೀಗೆಪುಡಿ ಹಾಕಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದೆ. ಗೇರ್ ಆಯಿಲ್ ಸೀಗೆಗೆ ಬಗ್ಗಲಿಲ್ಲ. ಪಾತ್ರೆ ತೊಳೆಯುವ ಪುಡಿ ತಂದೆ. ಬಗ್ಗಿತು! ಒಂದೂವರೆ ಗಂಟೆಯ ನಂತರ ಚೈನು ಬೆಳ್ಳಿಯ ಸೊಂಟಪಟ್ಟಿಯ ಹಾಗೆ ಫಳಫಳ ಹೊಳೆಯುತ್ತಿತ್ತು. ಬೆರಳಿಟ್ಟು ನೋಡಿದೆ, ಜಿಡ್ಡಿಲ್ಲ. ಅಜ್ಜಿಯಿದ್ದಿದ್ದರೆ ಪಾಸು ಮಾಡುತ್ತಿದ್ದಳು.

"ಮ್ಯಾಡಮ್, ಯೇ ಕೌನ್ಸಾ ಪೂಜಾ ಹೈ?" ಎಂದು ದುಬೆ ಭಕ್ತಿಯಿಂದ ಕೇಳಿದ.

ಫೋಟೋ ತೆಗೆದು ಇವರಿಗೆ ಕಳಿಸಿದೆ. ಎರಡು ಗಂಟೆ ಬಿಟ್ಟು ಉತ್ತರ ಬಂತು. "ಅಬ್ಬಾ! ಹೊಸದರ ಹಾಗೆ ಉಂಟಲ್ಲ!"

ನಾನು ಅದನ್ನು ಮೂರು ಸಲ ಓದಿದೆ. ನಮ್ಮ ಸಂಸಾರದಲ್ಲಿ ಎಷ್ಟೋ ಮದುವೆ ಮುಂಜಿಗಳಿಗೆ ನಾನು ಸಿಂಗಾರ ಮಾಡಿಕೊಂಡು ಹೋಗಿದ್ದೇನೆ, ಫೋಟೋಗಳನ್ನೂ ಕಳಿಸಿದ್ದೇನೆ. ಅವಕ್ಕೆಲ್ಲ ಹೆಬ್ಬೆರಳಿನ ಗುರುತೊಂದು ಬಂದರೆ ಅದೇ ಹೆಚ್ಚು. ಉದ್ಗಾರವಾಚಕ ಚಿಹ್ನೆ ಇದೇ ಮೊದಲು! ಅದು ಚೈನಿಗೆ ಬಂದದ್ದೆಂದು ಗೊತ್ತಿತ್ತು. ಆದರೂ ನನ್ನ ಫೋನಿಗೇ ಬಂದದ್ದಲ್ಲವೇ?

ಅಲ್ಲಿಗೆ ವ್ರತ ಶುರುವಾಯಿತು. ಪ್ರತಿ ಶನಿವಾರ ಎಣ್ಣೆ, ನೆನೆ, ಉಜ್ಜು, ಫೋಟೋ. ಪ್ರತಿ ಭಾನುವಾರ ಫೋನು.

"ಎಣ್ಣೆ ಹಾಕಿದ್ಯಾ?"

"ಹಾಕಿದೆ."

"ಕ್ಲೀನ್ ಮಾಡಿದ್ಯಾ?"

"ಮಾಡಿದೆ."

ಎರಡೂ ಅಪ್ಪಟ ಸತ್ಯ! ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಬಲ್ಲೆ. ಯಾವುದು ಮೊದಲೆಂದು ಇವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಶನಿವಾರ ಬೆಳ್ಳಿಯಾಗಿದ್ದ ಚೈನು ಮಂಗಳವಾರಕ್ಕೆ ಕೆಂಪಾಗತೊಡಗಿತು. ಇದೇನು ಎಂದು ಯೋಚಿಸಿದೆ. ಉತ್ತರವೂ ಹೊಳೆಯಿತು. ಎಣ್ಣೆ ಹಚ್ಚಿ ಸ್ನಾನ ಮಾಡಿಸುವುದೇ ಮೈಯ ಉಷ್ಣ ಹೊರಗೆ ಬರಲಿ ಎಂದು. ಬರುತ್ತಿದೆ! ಹದಿನೆಂಟು ವರ್ಷದ ಉಷ್ಣ ಒಂದೆರಡು ಸ್ನಾನಕ್ಕೆ ಇಳಿಯುತ್ತದೆಯೇ? ಶನಿವಾರವೊಂದೇ ಸಾಲದು, ಬುಧವಾರವೂ ಗಂಡಸರಿಗೆ ವಿಹಿತ ಎಂದು ಅಜ್ಜಿ ಹೇಳುತ್ತಿದ್ದ ನೆನಪಾಯಿತು. ಬುಧವಾರ ಬೆಳಿಗ್ಗೆ ಐದೂವರೆಗೆ ಎದ್ದು, ಕೊಡೆಯನ್ನು ಕುತ್ತಿಗೆ ಭುಜದ ನಡುವೆ ಸಿಕ್ಕಿಸಿಕೊಂಡು ಚೈನಿಗೆ ಸ್ನಾನ ಮಾಡಿಸಿ, ನಾನು ಮಾತ್ರ ಸ್ನಾನವಿಲ್ಲದೆ ಲೋಕಲ್ ಹಿಡಿದು ಪರೇಲಿಗೆ ಓಡಿದ್ದುಂಟು. ಲೇಡೀಸ್ ಡಬ್ಬಿಯಲ್ಲಿ ಪಕ್ಕದವಳು ಮೂಗು ಮುಚ್ಚಿಕೊಂಡು, "ಗ್ಯಾರೇಜ್ ಮೇ ಕಾಮ್ ಕರ್ತಿ ಹೋ ಕ್ಯಾ?" ಎಂದಳು.

ನಿಜ ಹೇಳಬೇಕೆಂದರೆ ಆ ಮಳೆಯಲ್ಲಿ ನನ್ನನ್ನು ಕೆಳಗೆ ಇಳಿಸುತ್ತಿದ್ದದ್ದು ಚೈನಿನ ಕಾಳಜಿಯಲ್ಲ. ಬೈಕಿನ ಪಕ್ಕ ಸ್ಟೂಲು ಹಾಕಿ ಕುಳಿತು ಎಣ್ಣೆ ನೆನೆಯುವುದನ್ನು ಕಾಯುವ ಅರ್ಧ ಗಂಟೆಯಲ್ಲಿ ನಾನು ಇವರ ಜೊತೆ ಮಾತಾಡುತ್ತಿದ್ದೆ. ಆಫೀಸಿನಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡರು, ನಿಧಿ ಯಾಕೆ ಈಚೆಗೆ ಫೋನು ಹಿಡಿದು ಟೆರೇಸಿಗೆ ಹೋಗುತ್ತಾಳೆ, ಮನೆಯ ಗೋಡೆಯಲ್ಲಿ ಎಲ್ಲಿ ನೀರು ಇಳಿಯುತ್ತಿದೆ, ಎಲ್ಲ ಸೀಟಿಗೆ ಹೇಳುತ್ತಿದ್ದೆ. ಇವರು ಎದುರಿಗಿದ್ದರೂ ಹೆಚ್ಚುಕಡಿಮೆ ಸೀಟಿನಷ್ಟೇ ಉತ್ತರ ಕೊಡುತ್ತಿದ್ದರು, ಆದ್ದರಿಂದ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ. ಆದರೂ ಎದ್ದು ಹೋಗುವಾಗ ಸೀಟು ತಟ್ಟಿ ಹೋಗುತ್ತಿದ್ದೆ.

ಸೆಪ್ಟೆಂಬರ್ ಹೊತ್ತಿಗೆ ಚಕ್ರ ತಿರುಗಿಸಿದರೆ ಕುಂಯ್ ಎನ್ನತೊಡಗಿತು. ಅಕ್ಟೋಬರಿನಲ್ಲಿ ತಿರುಗಿಸಲು ದುಬೆಯೂ ಕೈ ಹಾಕಬೇಕಾಯಿತು. ದೀಪಾವಳಿಯ ಗಡಿಬಿಡಿಯಲ್ಲಿ ಎರಡು ವಾರ ವ್ರತಭಂಗವಾಯಿತು. ಇವರು ಶುಕ್ರವಾರ ಬೆಳಿಗ್ಗೆ ವಿಮಾನದಲ್ಲಿ ಇಳಿಯುವವರು. ಬೈಕಿಗೆ ಕೊನೆಯ ಮಂಗಳಸ್ನಾನ ಮಾಡಿಸೋಣವೆಂದು ಗುರುವಾರ ರಜೆ ಹಾಕಿ ಕೆಳಗಿಳಿದೆ. ಚಕ್ರ ಅಲ್ಲಾಡಲಿಲ್ಲ. ದುಬೆ ಒದ್ದ, ಆಗಲೂ ಅಲ್ಲಾಡಲಿಲ್ಲ. ಚೈನು ಹಳೆಯ ಚಕ್ಕುಲಿಯಷ್ಟು ಗಟ್ಟಿಯಾಗಿ, ಇಟ್ಟಿಗೆಯಷ್ಟು ಕೆಂಪಾಗಿ ನಿಂತಿತ್ತು.

ಭಾನುವಾರಕ್ಕೆ ಮೂರೇ ದಿನ!

ಓಡಿಹೋಗಿ ಇಮಾಮ್‌ಸಾಬರನ್ನು ಕರೆತಂದೆ. ಅವರು ಕನ್ನಡಕ ಮೇಲೇರಿಸಿ, ಮಂಡಿಯೂರಿ, ಚೈನನ್ನು ಬಹಳ ಹೊತ್ತು ನೋಡಿದರು. ನಮ್ಮ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಹೀಗೆ ಸುಮ್ಮನೆ ನೋಡಿದರೆ ಸಂಬಂಧಿಕರು ಅಳಲು ಶುರು ಮಾಡುತ್ತಾರೆ.

"ಅಕ್ಕಾರ, ಎಣ್ಣಿ ಹಾಕಿ ಎಷ್ಟ್ ವರ್ಷ ಆತ್ರಿ?"

"ವರ್ಷವಾ? ವಾರಕ್ಕೆ ಎರಡು ಸಲ ಹಾಕಿದ್ದೇನೆ ಇಮಾಮ್‌ಸಾಬ್ರೇ!"

"ವಾರಕ್ಕ ಎರಡ ಸಲಾ?" ಅವರು ಚೈನಿನ ಮೇಲೆ ಬೆರಳೆಳೆದು ತೋರಿಸಿದರು. ಬೆರಳ ತುಂಬ ಕೆಂಪು ಪುಡಿ. "ಹಂಗಾರ ಆ ಎಣ್ಣಿ ಎಲ್ಲಿ ಹೋತ್ರಿ?"

"ತೊಳೆದೆನಲ್ಲ."

"ಯಾವಾಗ ತೊಳದ್ರಿ?"

"ಹಚ್ಚಿ ಅರ್ಧ ಗಂಟೆ ಬಿಟ್ಟು. ಬಿಸಿನೀರಲ್ಲಿ. ಮೊದಲು ಸೀಗೆಪುಡಿ ಹಾಕಿದೆ, ಅದಕ್ಕೆ ಹೋಗದ್ದಕ್ಕೆ ಪಾತ್ರೆ ಪುಡಿ."

ಇಮಾಮ್‌ಸಾಬರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ತಾವೂ ಕೆಳಗೆ ಕುಳಿತರು. "ಯಾ ಅಲ್ಲಾ! ಸೀಗಿಪುಡಿ!" ಎಂದು, ಆಮೇಲೆ ಬಹಳ ಮೃದುವಾಗಿ, ಮಕ್ಕಳಿಗೆ ಹೇಳಿಕೊಡುವವರ ಹಾಗೆ ಹೇಳಿದರು. "ಅಕ್ಕಾರ, ಮನಷ್ಯಾಗ ಮೊದಲ ಎಣ್ಣಿ, ಆಮ್ಯಾಲ ಜಳಕಾ. ಚೈನಿಗೆ ಮೊದಲ ಜಳಕಾ ಮಾಡಸೂದು, ಛಲೋತ್ನಂಗ ಒರಸೂದು, ಆಮ್ಯಾಲ ಎಣ್ಣಿ. ಹಚ್ಚಿದ ಎಣ್ಣಿ ಅಲ್ಲೇ ಇರಬೇಕ್ರಿ. ಅದನ್ನ ತಗೀಬಾರದು."

ಹತ್ತೊಂಬತ್ತು ವರ್ಷ ಕಾಗದಗಳ ಕ್ರಮ ಜೋಡಿಸಿದ ಹೆಂಗಸು ಏಳು ತಿಂಗಳು ಒಂದು ಚೈನನ್ನು ಡಿಸ್‌ಚಾರ್ಜ್ ಮಾಡಿ ಅಡ್ಮಿಟ್ ಮಾಡುತ್ತಿದ್ದಳು! ದುಬೆ ಬೇರೆ ಕಡೆ ತಿರುಗಿ ಕೆಮ್ಮಿದ. ಅವನಿಗೆ ಕನ್ನಡ ಬರುವುದಿಲ್ಲ, ಆದರೂ ಅರ್ಥವಾಗಿತ್ತು.

"ಈಗೇನು ಮಾಡುವುದು?"

"ಹೊಸಾ ಚೈನ್‌ಸೆಟ್ ಹಾಕಬೇಕ್ರಿ. ಹಳೀ ಮಾಡೆಲ್ ಐತಿ, ತರಸಬೇಕು. ಒಂದ್ ವಾರ ಹಿಡಿತೈತಿ."

"ಒಂದು ವಾರ ಆಗುವುದಿಲ್ಲ ಇಮಾಮ್‌ಸಾಬ್ರೇ. ಭಾನುವಾರ ಬೊರಿವಲಿಗೆ ಹೋಗಬೇಕು."

"ಟ್ರೇನಿಗೆ ಹೋಗ್ರಲ್ಲ."

ಟ್ರೇನಿನಲ್ಲಿ ಇವರು ಜೆಂಟ್ಸ್ ಡಬ್ಬಿ, ನಾನು ಲೇಡೀಸ್ ಡಬ್ಬಿ ಎಂದು ಹೇಗೆ ಹೇಳುವುದು? ನನಗೆ ಬೇಕಾದದ್ದು ಬೊರಿವಲಿಯಲ್ಲ, ಒಂದು ಬೆನ್ನು ಎಂದು ಹೇಗೆ ಹೇಳುವುದು?  ಹೇಳಲಾಗದೆ ಕಣ್ಣೊರೆಸಿಕೊಂಡೆ. ಇಮಾಮ್‌ಸಾಬರು ಗಾಬರಿಯಾದರು. "ಅಳಬ್ಯಾಡ್ರಿ ಅಕ್ಕಾರ, ನೋಡೂಣು," ಎಂದು ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿದರು, ಕುಟ್ಟಿದರು, ಒಂದೊಂದೇ ಕೊಂಡಿಯನ್ನು ಬಗ್ಗಿಸಿದರು. ಸಂಜೆಗೆ ಚಕ್ರ ತಿರುಗಿತು. ಬ್ಯಾಟರಿಯನ್ನೂ ಚಾರ್ಜ್ ಮಾಡಿ ಕೊಟ್ಟರು.

"ಹನಿ ಹನಿ ಎಣ್ಣಿ ಬಿಟ್ಟು, ಹೆಚ್ಚಿಗಿದ್ದದ್ದು ಒರಸೇನಿ. ಸ್ಟೇಷನ್ ತನಕಾ ಹೋಗಿ ಬರ್ರಿ ಸಾಕು. ಬೊರಿವಲಿ ಗಿರಿವಲಿ ಬ್ಯಾಡ. ಮತ್ತ ನೀವು," ಎಂದು ಬೆರಳೆತ್ತಿದರು, "ಇದನ್ನ ಮುಟ್ಟಬ್ಯಾಡ್ರಿ."

ಇವರು ಬಂದರು. ಸೊರಗಿದ್ದರು, ಕಿವಿಯ ಬಳಿ ಕೂದಲು ಇನ್ನಷ್ಟು ಬಿಳಿಯಾಗಿತ್ತು. ಬ್ಯಾಗು ಇಟ್ಟವರೇ ಕೆಳಗೆ ಹೋಗಿ ಚೈನಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಮೇಲೆ ಬಂದು, "ಸರಿ ಉಂಟು," ಎಂದರು. ಎರಡೇ ಶಬ್ದ.

ಆ ಎರಡು ಶಬ್ದಕ್ಕೆ ನನ್ನ ಮನಸ್ಸಾಕ್ಷಿ ಕರಗಿ ನೀರಾಯಿತು. ಏಳು ತಿಂಗಳು ಉಪವಾಸ ಹಾಕಿದ ಚೈನು! ಶನಿವಾರ ಇವರು ಮಲಗಿದ್ದ ಮಧ್ಯಾಹ್ನ ಮೆಲ್ಲಗೆ ಇಳಿದು ಬಾಟಲಿಯಲ್ಲಿ ಉಳಿದಿದ್ದ ಎಣ್ಣೆಯನ್ನೆಲ್ಲ ಅದರ ಮೇಲೆ ಸುರಿದೆ. ಒರೆಸಲಿಲ್ಲ. ತೆಗೆಯಬಾರದು ಎಂದಿದ್ದರಲ್ಲ ಇಮಾಮ್‌ಸಾಬರು!

ಭಾನುವಾರ ಬೆಳಿಗ್ಗೆ ಆರೂವರೆ. ಆ ದಿನಕ್ಕೆಂದೇ ತೆಗೆದಿಟ್ಟಿದ್ದ ತಿಳಿಗುಲಾಬಿ ಸೀರೆ ಉಟ್ಟು ಹಿಂದೆ ಒಂದು ಪಕ್ಕಕ್ಕೆ ಕುಳಿತೆ. ಬೈಕು ಹೊರಟಿತು. ಇವರ ಬೆನ್ನು, ಅದೇ ಬೆನ್ನು, ಏಳು ತಿಂಗಳ ಮೇಲೆ ಕೈಗೆಟುಕುವಷ್ಟು ಹತ್ತಿರ. ಇನ್ನೇನು ಮಾತು ಬರುತ್ತದೆ ಎಂದು ಕಿವಿಯನ್ನು ಹೆಲ್ಮೆಟ್ಟಿನಿಂದ ಆದಷ್ಟು ಬಿಡಿಸಿಕೊಂಡೆ. ಕಾಂಜೂರ್‌ಮಾರ್ಗ್ ದಾಟುವಾಗ ಪಕ್ಕದಲ್ಲಿ ಬಂದ ಸ್ಕೂಟರಿನವನು, "ಮ್ಯಾಡಮ್, ಸಾಡಿ! ಸಾಡಿ!" ಎಂದು ಕೂಗಿದ. ಈ ವಯಸ್ಸಿನಲ್ಲೂ ಸೀರೆ ನೋಡಿ ಹೊಗಳುವವರಿದ್ದಾರಲ್ಲ ಎಂದು ನಾಚಿ ನಕ್ಕೆ. ಇನ್ನೊಬ್ಬನೂ ಕೂಗಿದ. ಅವನಿಗೂ ನಕ್ಕೆ. ಮೂರನೆಯದು ಒಬ್ಬ ಹೆಂಗಸು. ಆಗ ಅನುಮಾನ ಬಂದು ಕೆಳಗೆ ನೋಡಿದೆ. ಚೈನು ತಿರುಗುವ ರಭಸಕ್ಕೆ ಎಣ್ಣೆ ಚಿಮ್ಮಿ ಚಿಮ್ಮಿ ಮೊಣಕಾಲಿನಿಂದ ಅಂಚಿನವರೆಗೆ ಸೀರೆಯ ತುಂಬ ಕಪ್ಪು ಚುಕ್ಕೆ. ತಿಳಿಗುಲಾಬಿ ಎಲ್ಲಿತ್ತೆಂದು ಹುಡುಕಬೇಕಿತ್ತು.

ಪವಾಯಿ ಏರಿನಲ್ಲಿ ಇವರು ಗಂಟಲು ಸರಿಮಾಡಿಕೊಂಡರು. ಮಾತಿಗೆ ಮೊದಲು ಇವರು ಯಾವತ್ತೂ ಹೀಗೆಯೇ ಮಾಡುವುದು. ನಾನು ಸೀರೆ ಮರೆತು ಮುಂದಕ್ಕೆ ಬಾಗಿದೆ.

"ಈ ಸಲ..." ಎಂದರು.

ಟಣ್!

ಬೈಕು ತೊನೆದು ನಿಂತಿತು. ಚೈನು ಹತ್ತು ಮಾರು ಹಿಂದೆ ರಸ್ತೆಯ ಮೇಲೆ ಬಿದ್ದಿತ್ತು. ಇವರು ಇಳಿದು, ನಡೆದು ಹೋಗಿ, ಅದನ್ನು ಎತ್ತಿಕೊಂಡು ಬಂದರು. ನಾನು ಕಪ್ಪು ಚುಕ್ಕೆಯ ಸೀರೆಯಲ್ಲಿ ಕೆರೆಯ ದಂಡೆಗೆ ನಿಂತೆ. ಮುಗಿಯಿತು. ಈ ವರ್ಷದ ಮಾತೂ ಆ ಚೈನಿನ ಜೊತೆಗೇ ಕಡಿಯಿತು ಎಂದುಕೊಂಡೆ.

"ತಳ್ಳು," ಎಂದರು ಇವರು.

ಇವರು ಮುಂದೆ ಹ್ಯಾಂಡಲ್ ಹಿಡಿದರು, ನಾನು ಹಿಂದಿನಿಂದ ತಳ್ಳಿದೆ. ಭಾಂಡುಪ್‌ನ ಕಡೆಗೆ, ಬಂದ ದಾರಿಯಲ್ಲೇ. ಒಂದು ಫರ್ಲಾಂಗು ಹೋದ ಮೇಲೆ ತಡೆಯಲಾರದೆ ಬಾಯಿಬಿಟ್ಟೆ. ಬೆಚ್ಚಗಿನ ಎಣ್ಣೆ, ಸೀಗೆಪುಡಿ, ಉಷ್ಣ, ಬುಧವಾರ, ಶನಿವಾರದ ಬಾಟಲಿ, ಒಂದನ್ನೂ ಬಿಡದೆ ಹೇಳಿದೆ. ಮುಂದಿನ ಬೆನ್ನು ಕುಲುಕತೊಡಗಿತು. ಏರಿಗೆ ಏದುಸಿರು ಎಂದುಕೊಂಡೆ. ಆದರೆ ನಾವು ಇಳಿಜಾರಿನಲ್ಲಿದ್ದೆವು! ಇವರು ನಗುತ್ತಿದ್ದರು.

"ನನಗೆ ಜುಲೈಯಲ್ಲೇ ಗೊತ್ತಾಗಿತ್ತು ಮಾರಾಯ್ತಿ."

"ಹೇಗೆ?"

"ಎಣ್ಣೆ ಹಾಕಿದ ಚೈನ್ ಅಷ್ಟು ಬೆಳ್ಳಗೆ ಎಲ್ಲಾದರೂ ಇರ್ತದಾ?"

"ಮತ್ತೆ ಯಾಕೆ ಹೇಳಲಿಲ್ಲ? ಚೈನು ಉಳೀತಿತ್ತಲ್ಲ ಮಾರಾಯ್ರೇ!"

ಇವರು ಗಂಟಲು ಸರಿಮಾಡಿಕೊಂಡರು. ಮುಂದೆ ನೋಡಿಕೊಂಡೇ ಹೇಳಿದರು. "ಹಡಗಿನಲ್ಲಿ ನೆಟ್ ಬಹಳ ನಿಧಾನ. ಊಟ ಬಡಿಸಿಯಾದ ಮೇಲೆ ಡೆಕ್ಕಿಗೆ ಹೋಗಿ ನಿಲ್ತಿದ್ದೆ. ಫೋಟೋ ಮೇಲಿನಿಂದ ಸ್ವಲ್ಪ ಸ್ವಲ್ಪವೇ ಬರುವುದು. ಮೊದಲು ಸೀಟು. ಆಮೇಲೆ ಚೈನು. ಅದನ್ನು ನೋಡುವಾಗ ಹೊಟ್ಟೆ ಉರೀತಿತ್ತು, ಸುಳ್ಳು ಯಾಕೆ ಹೇಳಲಿ. ಎಲ್ಲಕ್ಕಿಂತ ಕೊನೆಗೆ, ಕೆಳಗೆ, ನಿನ್ನ ಒದ್ದೆ ಕಾಲು. ಅಷ್ಟು ಬರುವ ತನಕ ನಿಲ್ತಿದ್ದೆ. ಹೇಳಿದ್ರೆ ನೀನು ಬೈಕನ್ನು ಇಮಾಮ್‌ಸಾಬ್ರಿಗೆ ಕೊಟ್ಟುಬಿಡ್ತಿದ್ದೆ. ಅವರ ಕಾಲು ನನಗೆ ಎಂತಕ್ಕೆ?"

ನಾನು ಬಗ್ಗಿ ನನ್ನ ಕಾಲು ನೋಡಿಕೊಂಡೆ. ಇಪ್ಪತ್ತೆಂಟು ಫೋಟೋ ಕಳಿಸಿದವಳು ಒಂದು ದಿನವಾದರೂ ಆ ಕಾಲಿಗೆ ನೈಲ್‌ಪಾಲಿಶ್ ಹಚ್ಚಿರಲಿಲ್ಲ! ಇವರು ಮಾತಾಡುತ್ತಲೇ ಇದ್ದರು. ಬಿರುಗಾಳಿಯಲ್ಲಿ ಅಕ್ಕಿಮೂಟೆಗಳ ನಡುವೆ ಕಾಲು ಚಾಚಿ ಕುಳಿತದ್ದು, ದೋಸೆ ಹುಯ್ಯುವಾಗ ತನ್ನ ಕೈಯೇ ಬೇರೆ ಯಾರದೋ ಎಂದು ಅನಿಸಿದ್ದು, ಹಡಗಿನ ಕೆಲಸ ಬಿಡುವ ತನಕ ಇನ್ನು ನಾಲ್ಕೈದು ವರ್ಷ ಹೇಗೆ ಕಳೆಯುವುದೋ ಎಂದು ಹೆದರಿಕೆಯಾಗುವುದು. ಬೈಕಿನಲ್ಲಾದರೆ ಬೊರಿವಲಿಗೆ ಒಂದು ಗಂಟೆ. ತಳ್ಳಿಕೊಂಡು ಭಾಂಡುಪ್‌ಗೆ ಎರಡೂವರೆ ಗಂಟೆ ಹಿಡಿಯಿತು. ನಾನು ಮಧ್ಯೆ ಮಧ್ಯೆ ತಳ್ಳುವುದನ್ನು ನಿಲ್ಲಿಸಿದ್ದೂ ಉಂಟು. ಇವರಿಗೆ ಭಾರವಾಗಿರಬೇಕು, ಯಾಕೆಂದು ಕೇಳಲಿಲ್ಲ.

ಗ್ಯಾರೇಜಿನ ಮುಂದೆ ಇಮಾಮ್‌ಸಾಬರು ನಮ್ಮನ್ನು, ನನ್ನ ಸೀರೆಯನ್ನು, ಇವರ ಕೈಯಲ್ಲಿ ಜೋತಾಡುತ್ತಿದ್ದ ಚೈನನ್ನು ನೋಡಿ, "ಕೈಕು ಗಯೇ ಬೊರಿವಲಿ?" ಎಂದು, ಯಾಕೆ ಹೋದಿರೆಂದು ಹಣೆ ಚಚ್ಚಿಕೊಂಡರು. ವಾರದ ಮೇಲೆ ಹೊಸ ಚೈನ್‌ಸೆಟ್ ಬಂತು. ಇಬ್ಬರೂ ಸೇರಿ ನನ್ನನ್ನು ಕೂರಿಸಿ ಪಾಠ ಮಾಡಿದರು. ಮೊದಲು ತೊಳೆ, ಒರೆಸು, ಒಣಗಲಿ, ಹನಿ ಹನಿಯಾಗಿ ಎಣ್ಣೆ ಬಿಡು, ಹೆಚ್ಚಾದದ್ದನ್ನು ಒರೆಸು. ನಾನು ಒಂದು ಕಾಗದದಲ್ಲಿ ಕ್ರಮಸಂಖ್ಯೆ ಹಾಕಿ ಬರೆದುಕೊಂಡೆ.

ಫೆಬ್ರವರಿಯಲ್ಲಿ ಇವರು ಮತ್ತೆ ಹಡಗು ಹತ್ತಿದರು. ಈಗ ನಾನು ಚೈನಿನ ವಿಷಯದಲ್ಲಿ ಪಂಡಿತೆ. ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಮಾಮ್‌ಸಾಬರು ಬಂದು ನೋಡಿ, "ಭೇಷ್ ಅಕ್ಕಾರ!" ಎಂದು ಹೋಗಿದ್ದಾರೆ. ನಿಂತ ಬೈಕು, ಸರಿಯಾಗಿ ಎಣ್ಣೆ ಹಾಕಿದ ಚೈನು, ಇನ್ನು ತಿಂಗಳಿಗೊಮ್ಮೆ ನೋಡಿಕೊಂಡರೆ ಧಾರಾಳವಾಯಿತಂತೆ. ತಿಂಗಳ ಉಳಿದ ಮೂರು ಶನಿವಾರ, ಫೋಟೋ ಕಳಿಸಲು ನೆಪವಿಲ್ಲದೆ, ಏನು ಮಾಡಬೇಕೆಂದು ಮಾತ್ರ ಪಾಠ ಮಾಡಿದ ಇಬ್ಬರೂ ಪಂಡಿತರು ಹೇಳಿಕೊಡಲಿಲ್ಲ, ನಾನೂ ಬರೆದುಕೊಳ್ಳಲಿಲ್ಲ.